ಮೂಕ ಮನೆಗಳ ವಾದ್ಯ

ದುಡ್ಡು ಕೊಟ್ಟು ತಂದು, ಮೇಜಿನ ಮೇಲಿಟ್ಟು ಒತ್ತಿದರೆ ಪ್ಲಾಸ್ಟಿಕ್ಕಿನ ಟಕ್‌ಟಕ್ ಬಿಟ್ಟು ಬೇರೇನೂ ಕೇಳಿಸದ ವಾದ್ಯವೊಂದಿದೆ. ಅದಕ್ಕೆ ಸ್ಪೀಕರ್ ಇಲ್ಲ, ಒಳಗೆ ನಾದ ಹುಟ್ಟಿಸುವ ಭಾಗವೂ ಸಾಮಾನ್ಯವಾಗಿ ಇರುವುದಿಲ್ಲ. ಮಿಡಿ ಕಂಟ್ರೋಲರ್ ಎಂದು ಇದರ ಹೆಸರು. ಕಿರುಚಿತ್ರಕ್ಕೆ ಹಿನ್ನೆಲೆ ಸಂಗೀತ ಕೂಡಿಸುವವರು, ಭಾವಗೀತೆಗೆ ಟ್ರ್ಯಾಕ್ ಮಾಡುವವರು, ಸುಮ್ಮನೆ ರಾತ್ರಿ ಕೂತು ರಾಗ ಹೊಸೆಯುವವರು ಕಂಪ್ಯೂಟರಿಗೆ ಸಿಕ್ಕಿಸಿಕೊಳ್ಳುವುದು ಇದನ್ನೇ.

ಇದು ಕಳಿಸುವುದು ಸದ್ದನ್ನಲ್ಲ, ಸುದ್ದಿಯನ್ನು. ನಡುವಿನ ‘ಸಿ’ ಒತ್ತಿದರೆ 144, 60, 90 ಎಂಬಂಥ ಮೂರು ಅಂಕಿಗಳು ಹೊರಡುತ್ತವೆ. ಒಂದನೇ ಚಾನೆಲ್‌ನಲ್ಲಿ ಸ್ವರ ಶುರುವಾಯಿತು, ಅದು ಇಂಥ ಸ್ವರ, ಒತ್ತಿದ ಬಿರುಸು ಇಷ್ಟು, ಅಷ್ಟೇ ವರದಿ. ಬಿರುಸನ್ನು ಅಳೆಯುವ ಉಪಾಯ ಸರಳ. ಪ್ರತಿ ಕೀಯ ಕೆಳಗೆ ಎರಡು ಸಂಪರ್ಕಬಿಂದುಗಳಿರುತ್ತವೆ. ಮೊದಲನೆಯದು ತಾಗಿ ಎರಡನೆಯದು ತಾಗುವುದರೊಳಗೆ ಎಷ್ಟು ಹೊತ್ತು ಹಿಡಿಯಿತೋ ಅದೇ ಲೆಕ್ಕ. ಜೋರಾಗಿ ಬಡಿದರೆ ಅಂಕಿ 127ರ ಹತ್ತಿರ ಹೋಗುತ್ತದೆ, ಮೆಲ್ಲಗೆ ಇಳಿಸಿದರೆ ಇಪ್ಪತ್ತು ಮೂವತ್ತರಲ್ಲೇ ನಿಲ್ಲುತ್ತದೆ.

ಈ ಅಂಕಿಗಳನ್ನು ಪಿಯಾನೊ ಮಾಡುವುದೋ ಕೊಳಲು ಮಾಡುವುದೋ ಸಾಫ್ಟ್‌ವೇರಿಗೆ ಬಿಟ್ಟದ್ದು. ರೀಪರ್, ಎಫ್‌ಎಲ್ ಸ್ಟುಡಿಯೊ, ಆಬಲ್‌ಟನ್ ಲೈವ್ ಬಳಕೆಯಲ್ಲಿವೆ. ಆಪಲ್ ಕಂಪ್ಯೂಟರ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಪುಕ್ಕಟೆ. ನುಡಿಸಿದ್ದೆಲ್ಲ ಪರದೆಯ ಮೇಲೆ ಸಣ್ಣ ಪಟ್ಟಿಗಳಾಗಿ ಮೂಡುತ್ತದೆ. ಜಾರಿದ ಸ್ವರವನ್ನು ಮೌಸ್‌ನಿಂದ ಎಳೆದು ಸರಿಪಡಿಸಬಹುದು, ಕೊಳಲಿಗೆಂದು ನುಡಿಸಿದ್ದನ್ನು ಪಿಟೀಲಿಗೆ ದಾಟಿಸಬಹುದು. ಹಾಡುವವರಿಗೆ ಶ್ರುತಿ ಏರಾಯಿತೆಂದರೆ ಇಡೀ ಹಾಡನ್ನು ಒಂದು ಮನೆ, ಅಂದರೆ ಅರ್ಧ ಸ್ವರ, ಇಳಿಸಿದರೂ ನಡೆ ಕೆಡುವುದಿಲ್ಲ. ಕ್ವಾಂಟೈಸ್ ಎಂಬ ಆಜ್ಞೆಯೂ ಇದೆ; ಹಿಂದೆ ಮುಂದೆ ಬಿದ್ದ ಸ್ವರಗಳನ್ನೆಲ್ಲ ಕ್ಷಣದಲ್ಲಿ ತಾಳದ ಗೆರೆಗೆ ತಂದು ನಿಲ್ಲಿಸುತ್ತದೆ. ಹೊಸಬರು ಮೊದಲು ಮಾರುಹೋಗುವುದು ಇದಕ್ಕೇ. ನನ್ನ ಕೇಳಿದರೆ, ಕಿವಿಗೆ ತಪ್ಪೆನಿಸಿದ ಸ್ವರವನ್ನು ಮಾತ್ರ ಕೈಯಿಂದ ಸರಿಸಿ ಉಳಿದದ್ದನ್ನು ಮುಟ್ಟದಿರುವುದು ಮೇಲು. ಎಲ್ಲವನ್ನೂ ಗೆರೆಗೆ ಕಟ್ಟಿದ ಹಾಡಿನಲ್ಲಿ ನುಡಿಸಿದವರ ಕೈ ಉಳಿದಿರುವುದಿಲ್ಲ.

ಮಿಡಿ ಎಂಬ ಈ ಅಂಕಿಭಾಷೆ ಹುಟ್ಟಿದ್ದು ಕಂಪನಿಗಳ ಜಗಳದ ನಡುವೆ. 1980ರ ಸುಮಾರಿಗೆ ಒಬ್ಬರ ಸಿಂಥಸೈಜರ್ ಮತ್ತೊಬ್ಬರದರ ಜೊತೆ ಸುಲಭಕ್ಕೆ ಹೊಂದುತ್ತಿರಲಿಲ್ಲ. ಅಮೆರಿಕದ ಸಿಂಥಸೈಜರ್ ತಯಾರಕ ಡೇವ್ ಸ್ಮಿತ್ ಮತ್ತು ಜಪಾನಿನ ರೋಲಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಒಂದು ಸಾಮಾನ್ಯ ಭಾಷೆಗೆ ಪಟ್ಟುಹಿಡಿದರು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ವಾದ್ಯ ಮೇಳದಲ್ಲಿ ಸ್ಮಿತ್ ಅವರ ಪ್ರಾಫೆಟ್-600 ಹಾಗೂ ರೋಲಂಡ್‌ನ ಜುಪಿಟರ್-6 ಒಂದೇ ತಂತಿಯಲ್ಲಿ ಮಾತಾಡಿಕೊಂಡವು. ಆ ಭಾಷೆಗೆ ಅವರು ಪರವಾನಗಿ ಶುಲ್ಕ ಕೇಳಲಿಲ್ಲ. ಇಬ್ಬರಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಬಂತು.

ಮನೆಯಲ್ಲಿ ನುಡಿಸುವವರನ್ನು ಮೊದಲು ಕಾಡುವುದು ವಿಳಂಬ. ಒತ್ತಿದ್ದು ಈಗ, ಕೇಳಿಸುವುದು ಆಮೇಲೆ. ತಪ್ಪು ಕೀಬೋರ್ಡಿನದಲ್ಲ; ಕಂಪ್ಯೂಟರ್ ಸದ್ದನ್ನು ಕಂತುಕಂತಾಗಿ ತಯಾರಿಸಿ ಹೊರಗೆ ಕೊಡುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ ಲೆಕ್ಕದಲ್ಲಿ ಕಂತಿನ ಗಾತ್ರ, ಅಂದರೆ ಬಫರ್, 1024 ಇದ್ದರೆ ಒಂದು ಕಂತಿಗೇ ಸುಮಾರು 23 ಮಿಲಿಸೆಕೆಂಡ್ ಬೇಕು, 128ಕ್ಕೆ ಇಳಿಸಿದರೆ ಮೂರು ಸಾಕು. ತೀರಾ ಇಳಿಸಿದರೆ ಕಂಪ್ಯೂಟರ್ ಏದುಸಿರು ಬಿಟ್ಟು ಸದ್ದು ಚಟಪಟ ಒಡೆಯುತ್ತದೆ. ಆದ್ದರಿಂದ ನುಡಿಸುವಾಗ ಚಿಕ್ಕ ಬಫರ್, ಮಿಕ್ಸ್ ಮಾಡುವಾಗ ದೊಡ್ಡದು. ವಿಂಡೋಸ್ ಇದ್ದರೆ ಈ ವಿಳಂಬ ತಗ್ಗಿಸುವ ಎಎಸ್‌ಐಒ ಡ್ರೈವರ್ ಹಾಕಿಕೊಳ್ಳಬೇಕು. ಬ್ಲೂಟೂತ್ ಹೆಡ್‌ಫೋನ್ ಧರಿಸಿ ನುಡಿಸುವ ಆಸೆಯನ್ನಂತೂ ಕೈಬಿಡುವುದೇ ಒಳ್ಳೆಯದು.

ನಮ್ಮ ಸಂಗೀತದವರಿಗೆ ನಿಜವಾದ ಆಕರ್ಷಣೆ ಕೀಗಳಲ್ಲಿಲ್ಲ, ಎಡತುದಿಯ ಪಿಚ್ ಬೆಂಡ್ ಚಕ್ರದಲ್ಲಿದೆ. ಕಂಪನಿ ನಾಟಕಗಳ ಪೇಟಿ ಮಾಸ್ತರರ ಕೈಯಲ್ಲಿ ಎಷ್ಟು ಚಳಕವಿದ್ದರೂ ಎರಡು ಮನೆಗಳ ನಡುವಿನ ಜಾಗಕ್ಕೆ ಅವರ ಬೆರಳು ಇಳಿಯುವಂತಿರಲಿಲ್ಲ. ಈ ಚಕ್ರ ಇಳಿಯುತ್ತದೆ. ಆದರೆ ಹೆಚ್ಚಿನ ಸಾಫ್ಟ್‌ವೇರ್ ವಾದ್ಯಗಳಲ್ಲಿ ಅದರ ವ್ಯಾಪ್ತಿ ಮೇಲಕ್ಕೆ ಎರಡು ಮನೆ, ಕೆಳಕ್ಕೆ ಎರಡು ಮನೆ. ಷಡ್ಜದಿಂದ ಪಂಚಮಕ್ಕೆ ಜಾರಲು ಏಳು ಬೇಕು. ವ್ಯಾಪ್ತಿಯನ್ನು ಬದಲಿಸಬೇಕಾದದ್ದು ಸಾಫ್ಟ್‌ವೇರಿನ ವಾದ್ಯದಲ್ಲಿ, ಏಕೆಂದರೆ ಚಕ್ರ ಎಷ್ಟು ತಿರುಗಿತು ಎಂಬುದನ್ನಷ್ಟೇ ಕೀಬೋರ್ಡ್ ಹೇಳುತ್ತದೆ. ಹನ್ನೆರಡಕ್ಕೆ ಏರಿಸಿದಿರೋ, ಕೂದಲೆಳೆಯಷ್ಟು ತಿರುಗಿಸಿದರೂ ಸ್ವರ ಎಲ್ಲೋ ಹಾರುತ್ತದೆ. ತೋಡಿಯ ಗಾಂಧಾರದ ಕಂಪಿತಕ್ಕೆ ಕಡಿಮೆ ವ್ಯಾಪ್ತಿಯೇ ಒಗ್ಗುತ್ತದೆ. ವಾದ್ಯವನ್ನು ಒಂದು ಸಲಕ್ಕೆ ಒಂದೇ ಸ್ವರ ನುಡಿಯುವ ಮೊನೊಗೆ ಹಾಕಿ, ಸ್ವರಗಳನ್ನು ಬೆಸೆಯುವ ಲೆಗಾಟೊ ಇಟ್ಟರೆ ಪ್ರತಿ ಸ್ವರಕ್ಕೂ ಹೊಸ ಮೀಟು ಬೀಳುವುದಿಲ್ಲ. ತಂಬೂರವನ್ನು ಬೇರೆ ಟ್ರ್ಯಾಕಿನಲ್ಲಿಡಬೇಕು, ಬೆಂಡ್ ಇಡೀ ಚಾನೆಲ್ಲಿಗೆ ಅನ್ವಯಿಸುವುದರಿಂದ ಇಲ್ಲವಾದರೆ ಶ್ರುತಿಯೂ ಜೊತೆಗೇ ಓಲಾಡೀತು. ಇದೆಲ್ಲ ಆಗದ ಕೆಲಸವೇನಲ್ಲ. ಚೆನ್ನೈನ ಕೆ. ಸತ್ಯನಾರಾಯಣನ್ ಕೀಬೋರ್ಡಿನಲ್ಲೇ ಕರ್ನಾಟಕ ಸಂಗೀತದ ಕಚೇರಿ ಮಾಡುತ್ತ ಬಂದವರು.

ಕೊಳ್ಳುವವರಿಗೆ 25, 49, 61, 88 ಕೀಗಳ ಅಳತೆಗಳು ಸಿಗುತ್ತವೆ. 25 ಚೀಲಕ್ಕೆ ಹಿಡಿಸುತ್ತದೆ, ಎರಡು ಕೈಗೆ ಸಾಲದು. 49 ಇದ್ದರೆ ಮನೆಯ ಕೆಲಸಕ್ಕೆ ಧಾರಾಳ. ಮೇಲಿನ ಗುಂಡಿ, ಪ್ಯಾಡುಗಳ ಸಾಲು ನೋಡಿ ಹೆಚ್ಚು ದುಡ್ಡು ತೆರಬೇಡಿ, ಬಹಳ ಮನೆಗಳಲ್ಲಿ ಅವುಗಳ ಮೇಲೆ ಕೂರುವುದು ದೂಳೇ. ಚಕ್ರದ ಜಾಗದಲ್ಲಿ ಬರೀ ಗುಂಡಿ ಇರುವ ಮಾದರಿಗಳೂ ಇವೆ, ಗಮಕ ಬೇಕಾದವರು ಅತ್ತ ಸುಳಿಯಬಾರದು. ಹಳೆಯದನ್ನು ಕೊಳ್ಳುವುದಾದರೆ ಸಾಫ್ಟ್‌ವೇರ್ ತೆರೆದು ಒಂದೊಂದು ಕೀಯನ್ನೂ ಮೆಲ್ಲಗೊಮ್ಮೆ, ಜೋರಾಗೊಮ್ಮೆ ಒತ್ತಿ ಅಂಕಿ ನೋಡಿ. ಹೇಗೆ ಒತ್ತಿದರೂ 127 ತೋರಿಸುವ ಕೀಯ ಒಳಸಂಪರ್ಕ ಕೆಟ್ಟಿರುವ ಸಂಭವ ಹೆಚ್ಚು. ಬೆಂಡ್ ಚಕ್ರವನ್ನು ಪೂರ್ತಿ ತಿರುಗಿಸಿ ಬಿಟ್ಟಾಗ ಸರಿಯಾಗಿ ನಡುವಿಗೆ ಮರಳದಿದ್ದರೆ, ಬೆಲೆ ಎಷ್ಟೇ ಇಳಿಸಿದರೂ ಬೇಡವೆನ್ನಿ.