ದುಡಿಯುವ ಕೈ, ನೆನೆಯುವ ಮನ

ಸಂಸಾರ ತೊರೆದವನು ದುಡಿಯಬೇಕೆ? ದೇವರ ಧ್ಯಾನದಲ್ಲಿರುವವನಿಗೆ ಕೈಕೆಲಸದ ಹಂಗೇಕೆ? ಈ ಪ್ರಶ್ನೆ ಕ್ರಿ.ಶ. 4ನೆಯ ಶತಮಾನದಲ್ಲಿ ಈಜಿಪ್ಟ್ ಮತ್ತು ಸಿನಾಯ್ ಮರುಭೂಮಿಯ ಕ್ರೈಸ್ತ ಸನ್ಯಾಸಿಗಳನ್ನೂ ಕಾಡಿತ್ತು. ಅವರು ಬಾಳಿನಲ್ಲಿ ಕಂಡುಕೊಂಡ ಉತ್ತರವನ್ನು ಇಂದು ನಾವು ಸ್ಮರಿಸೋಣ.

ಸಿನಾಯ್ ಬೆಟ್ಟದಲ್ಲಿ ಸಿಲ್ವಾನಸ್ ಎಂಬ ಹಿರಿಯ ತಪಸ್ವಿಯಿದ್ದರು. ಒಮ್ಮೆ ಬಂದ ಅತಿಥಿ ಸನ್ಯಾಸಿಯೊಬ್ಬ, ಅಲ್ಲಿಯವರೆಲ್ಲ ದುಡಿಯುವುದನ್ನು ಕಂಡು, ನಶಿಸಿಹೋಗುವ ಅನ್ನಕ್ಕಾಗಿ ಇಷ್ಟೊಂದು ಶ್ರಮವೇ ಎಂದು ಆಕ್ಷೇಪಿಸಿದ. ಹಿರಿಯರು ಮರುಮಾತಾಡಲಿಲ್ಲ. ಅವನ ಕೈಗೊಂದು ಗ್ರಂಥ ಕೊಡಿಸಿ ಕೋಣೆಯಲ್ಲಿ ಕೂರಿಸಿದರು. ಊಟದ ಹೊತ್ತಾಯಿತು. ಅತಿಥಿಯ ಕಣ್ಣು ಗ್ರಂಥದ ಮೇಲಿಲ್ಲ, ಬಾಗಿಲ ಮೇಲೆ! ಯಾರೂ ಕರೆಯಲಿಲ್ಲ. ಹಸಿವು ತಾಳದೆ ತಾನೇ ಬಂದು ಕೇಳಿದ. ನಾವು ದೇಹಧಾರಿಗಳು, ಉಣ್ಣಬೇಕಾದ್ದರಿಂದ ದುಡಿಯುತ್ತೇವೆ. ಆತ್ಮದಲ್ಲೇ ಬಾಳುವ ತಮಗೆ ಅನ್ನ ಬೇಡವೆಂದುಕೊಂಡೆವು ಎಂದರು ಹಿರಿಯರು. ಅತಿಥಿ ಕಾಲಿಗೆರಗಿ ಕ್ಷಮೆ ಬೇಡಿದ.

ಹಾಗಾದರೆ ದುಡಿಮೆ ಬರೀ ಹೊಟ್ಟೆಪಾಡೇ? ಅಲ್ಲ. 356ರಲ್ಲಿ ದೇಹ ಬಿಟ್ಟ ಸಂತ ಅಂತೋನಿಯವರಿಗೆ ಒಮ್ಮೆ ಬೇಸರ ಕವಿದು ಮನಸ್ಸು ನಿಲ್ಲದಾಯಿತು. ಆಗ ತಮ್ಮಂತೆಯೇ ಇದ್ದ ಒಬ್ಬಾತ ಕಣ್ಣಿಗೆ ಬಿದ್ದ. ಕುಳಿತು ಹಗ್ಗ ಹೆಣೆಯುತ್ತಾನೆ, ಎದ್ದು ಪ್ರಾರ್ಥಿಸುತ್ತಾನೆ, ಮತ್ತೆ ಕುಳಿತು ಹೆಣೆಯುತ್ತಾನೆ. ದಾರಿ ತೋರಲು ಬಂದ ದೇವದೂತನೇ ಅವನೆಂದು ಆ ಪರಂಪರೆ ಹೇಳುತ್ತದೆ. ಕೈಗೆ ಕೆಲಸವಿದ್ದರೆ ಮನಸ್ಸು ಅಲೆಯದು.

ಪೌಲ ಎಂಬ ಇನ್ನೊಬ್ಬ ತಪಸ್ವಿಯ ಬಗೆ ಮತ್ತೂ ವಿಚಿತ್ರ. ಅವರ ಗುಹೆಯಿಂದ ಊರಿಗೆ ಏಳು ದಿನದ ದಾರಿ. ಮಾರುವ ಮಾತೇ ಇಲ್ಲ. ಆದರೂ ಗರಿ ತಂದು ದಿನದಿನದ ಕೆಲಸ ತಪ್ಪದೆ ಮಾಡುತ್ತಿದ್ದರು. ವರ್ಷ ತುಂಬಿ ಗುಹೆ ತುಂಬಿದಾಗ ಎಲ್ಲಕ್ಕೂ ಬೆಂಕಿ ಇಟ್ಟು ಹೊಸದಾಗಿ ತೊಡಗುತ್ತಿದ್ದರು. ಲಾಭ ಸುಟ್ಟುಹೋಯಿತು, ಸಾಧನೆ ಉಳಿಯಿತು.

ಮಾರುಕಟ್ಟೆ ಹತ್ತಿರವಿದ್ದವರು ಸುಡಲಿಲ್ಲ, ಹಂಚಿದರು. ಅರ್ಸಿನೋಯೆ ಪ್ರಾಂತದ ಸನ್ಯಾಸಿಗಳು ಸುಗ್ಗಿಯಲ್ಲಿ ಕೂಲಿಗೆ ಹೋಗಿ ಪೈರು ಕೊಯ್ದು, ಕೂಲಿಯಾಗಿ ಬಂದ ಕಾಳಿನ ಬಹುಪಾಲನ್ನು ಬಡವರಿಗೆ ಕೊಡುತ್ತಿದ್ದರು. ಆ ಸೀಮೆಯಲ್ಲಿ ಹಸಿದವರು ಉಳಿಯದೆ, ಮಿಕ್ಕ ಕಾಳು ಹಡಗೇರಿ ಅಲೆಕ್ಸಾಂಡ್ರಿಯದ ಬಡವರನ್ನು ಮುಟ್ಟುತ್ತಿತ್ತಂತೆ.

ಉಣ್ಣುವ ತುತ್ತಿಗೆ ಬೆವರಿರಲಿ, ಮಾಡುವ ಕೆಲಸಕ್ಕೆ ನೆನಹಿರಲಿ, ಮಿಕ್ಕಿದ್ದರಲ್ಲಿ ಹಸಿದವನಿಗೆ ಪಾಲಿರಲಿ. ಇದೇ ಆ ಮರಳುಗಾಡಿನ ತಪಸ್ಸಿನ ತಿರುಳು. ದುಡಿದು ಕೈ ಸೋತ ಹಿರಿಯರೂ ಚಿಂತಿಸಬೇಕಿಲ್ಲ. ಮೂರು ಎಳೆ ಹಗ್ಗ ಹೆಣೆದರೂ ಸಾಕು, ಮನಸ್ಸು ಅದರೊಂದಿಗಿದ್ದರೆ ಅದೂ ಪೂಜೆಯೇ ಎಂದು ನಾವು ನಂಬುತ್ತೇವೆ.