ರಕ್ತ ಬಿದ್ದರೆಲ್ಲ ಮೂಲವ್ಯಾಧಿಯಲ್ಲ: ದೊಡ್ಡ ಕರುಳಿನ ತಪಾಸಣೆ ಯಾರಿಗೆ ಬೇಕು? ಆಪರೇಷನ್‌ಗೆ ಮೊದಲು ಇನ್ನೊಬ್ಬ ಡಾಕ್ಟರನ್ನು ಕೇಳಬಹುದಾ?

ಹೇರೂರು: ಸಂಡಾಸಿಗೆ ಹೋದಾಗ ರಕ್ತ ಕಂಡರೆ ಈ ಭಾಗದಲ್ಲಿ ಮೊದಲು ಬರುವ ಮಾತು ‘ಉಷ್ಣ ಆಗಿದೆ’. ಎರಡು ದಿನ ಮಜ್ಜಿಗೆ, ಮುರುಗಲ ಹಣ್ಣಿನ ಪಾನಕ. ಅದಕ್ಕೂ ನಿಲ್ಲದಿದ್ದರೆ ‘ಮೂಲವ್ಯಾಧಿ ಇರಬೇಕು’ ಅಂತ ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ಮುಲಾಮು. ಡಾಕ್ಟರ ಹತ್ತಿರ ಹೋಗಿ ಅಂದರೆ, ‘ಕೊನೆ ಕೊಯ್ಲು ಮುಗೀಲಿ, ನೋಡುವಾ’. ಬೆಳಿಗ್ಗೆಯಿಂದ ರಾತ್ರಿವರೆಗೆ ಗಲ್ಲಾಪೆಟ್ಟಿಗೆ ಎದುರು ಕೂರುವ ಅಂಗಡಿಕಾರರಿಗೂ ಇದು ಹೊಸದಲ್ಲ. ಹೆಂಗಸರಂತೂ ಮನೆಯಲ್ಲಿ ಬಾಯಿಬಿಟ್ಟು ಹೇಳುವುದೇ ಇಲ್ಲ.

ಹೆಚ್ಚಿನ ಸಲ ಅದು ಮೂಲವ್ಯಾಧಿಯೇ ಆಗಿರುತ್ತದೆ. ಆದರೆ ದೊಡ್ಡ ಕರುಳು, ಗುದನಾಳದ ಕ್ಯಾನ್ಸರಿನಲ್ಲೂ ಹೀಗೇ ರಕ್ತ ಹೋಗುತ್ತದೆ. 2022ರ ಅಂದಾಜಿನಂತೆ ಜಗತ್ತಿನಲ್ಲಿ ಒಂದೇ ವರ್ಷ 19 ಲಕ್ಷಕ್ಕೂ ಹೆಚ್ಚು ಜನರಲ್ಲಿ ಈ ಕ್ಯಾನ್ಸರ್ ಪತ್ತೆಯಾಗಿದೆ. ರಕ್ತದ ಬಣ್ಣ ನೋಡಿ ಯಾವುದು ಏನು ಅಂತ ಮನೆಯಲ್ಲೇ ತೀರ್ಮಾನಿಸಲು ಬರುವುದಿಲ್ಲ. ಡಾಕ್ಟರು ಒಳಗೆ ನೋಡಿಯೇ ಹೇಳಬೇಕು.

ಮನೆಗೆ ಬರುವ ತಪಾಸಣೆಯಲ್ಲಿ ಇದಿಲ್ಲ

ಸರ್ಕಾರದ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರಿಗೆ ಬಿಪಿ, ಶುಗರ್ ಜೊತೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇದೆ. ಆಶಾ ಕಾರ್ಯಕರ್ತೆಯರು ಫಾರ್ಮ್ ತುಂಬುವುದು ಇದಕ್ಕೇ. ಆದರೆ ಈ ಪಟ್ಟಿಯಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಸೇರಿಲ್ಲ. ‘ಎಲ್ಲ ಚೆಕ್ ಆಗಿದೆ’ ಅಂದುಕೊಂಡವರ ಕರುಳನ್ನು ಯಾರೂ ನೋಡಿರುವುದಿಲ್ಲ. ಹಾಗಾಗಿ ಇದನ್ನು ನಾವೇ ಕೇಳಿ ಮಾಡಿಸಿಕೊಳ್ಳಬೇಕು.

ಈ ಕ್ಯಾನ್ಸರ್ ಹೆಚ್ಚಾಗಿ ಶುರುವಾಗುವುದು ‘ಪಾಲಿಪ್’ ಎಂಬ ಸಣ್ಣ ಗಂಟಿನಿಂದ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 10 ವರ್ಷದ ಆಸುಪಾಸು ಬೇಕು. ಅಷ್ಟರೊಳಗೆ ಕಂಡರೆ ತೆಗೆದುಹಾಕಬಹುದು, ರೋಗವೇ ಬರುವುದಿಲ್ಲ.

ಯಾರು ಹುಷಾರಾಗಿರಬೇಕು?

ರಕ್ತ ಹೋಗುವುದು, ಕೆಲವು ವಾರಗಳಿಂದ ಮಲವಿಸರ್ಜನೆಯ ರೂಢಿ ಬದಲಾಗಿರುವುದು, ಹೋಗಿ ಬಂದರೂ ಪೂರ್ತಿ ಆಗಿಲ್ಲ ಅನಿಸುವುದು, ಕಾರಣವಿಲ್ಲದೆ ತೂಕ ಇಳಿಯುವುದು - ಇಷ್ಟರಲ್ಲಿ ಒಂದಿದ್ದರೂ ಡಾಕ್ಟರಿಗೆ ತೋರಿಸಬೇಕು. ಕರುಳಿನ ಬಲಭಾಗದಲ್ಲಿ ಗಡ್ಡೆಯಿದ್ದರೆ ರಕ್ತ ಕಣ್ಣಿಗೆ ಕಾಣದೇ ಇರಬಹುದು. ಬರೀ ಸುಸ್ತು, ರಕ್ತಹೀನತೆ ಇರುತ್ತದೆ. ವಯಸ್ಸಾದ ಗಂಡಸರಲ್ಲಿ ಹಿಮೋಗ್ಲೋಬಿನ್ ಇಳಿದರೆ ಕಬ್ಬಿಣದ ಮಾತ್ರೆ ತಿಂದು ಸುಮ್ಮನಾಗಬಾರದು.

ಅಪ್ಪ, ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿಯರಲ್ಲಿ ಯಾರಿಗಾದರೂ ಬಂದಿದ್ದರೆ 40ಕ್ಕೇ, ಇಲ್ಲವೇ ಅವರಿಗೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲೇ ತಪಾಸಣೆ ಶುರು ಮಾಡಬೇಕು. ಅಮೆರಿಕದಲ್ಲಿ 2021ರಿಂದ ಯಾವ ತೊಂದರೆ ಇಲ್ಲದವರಿಗೂ 45ಕ್ಕೇ ಸಲಹೆ ಮಾಡುತ್ತಾರೆ.

ಪರೀಕ್ಷೆ ಹೇಗೆ?

ಮೊದಲನೆಯದು ಡಾಕ್ಟರು ಗ್ಲೌಸ್ ಹಾಕಿ ಬೆರಳಿನಿಂದ ನೋಡುವುದು. ಒಂದು ನಿಮಿಷದ ಕೆಲಸ. ಗುದನಾಳದ ಕೆಳಭಾಗದ ಗಡ್ಡೆ ಇದರಲ್ಲೇ ಸಿಗಬಹುದು. ನಾಚಿಕೆಯಿಂದ ಬೇಡ ಅನ್ನುವವರೇ ಜಾಸ್ತಿ.

ಎರಡನೆಯದು ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ‘ಫಿಟ್’ ಪರೀಕ್ಷೆ. ತೊಂದರೆ ಇಲ್ಲದವರು ವರ್ಷಕ್ಕೊಮ್ಮೆ ಮಾಡಿಸಬಹುದು. ಪಾಸಿಟಿವ್ ಬಂದರೆ ಕೊಲೊನೊಸ್ಕೋಪಿ ಆಗಲೇಬೇಕು. ಈಗಾಗಲೇ ರಕ್ತ ಹೋಗುತ್ತಿರುವವರು ಫಿಟ್ ನೆಗೆಟಿವ್ ಬಂತು ಅಂತ ಮನೆಗೆ ಹೋಗುವ ಹಾಗಿಲ್ಲ.

ಮೂರನೆಯದು ಕೊಲೊನೊಸ್ಕೋಪಿ. ಹಿಂದಿನ ದಿನ ಔಷಧಿ ಕುಡಿದು ಹೊಟ್ಟೆ ಖಾಲಿ ಮಾಡಬೇಕು. ಕ್ಯಾಮೆರಾ ಇರುವ ಕೊಳವೆ ಹಾಕಿ ಪೂರ್ತಿ ಕರುಳು ನೋಡುತ್ತಾರೆ, ಪಾಲಿಪ್ ಇದ್ದರೆ ಆಗಲೇ ತೆಗೆಯುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಮೊದಲೇ ಹೇಳಬೇಕು. ಏನೂ ಸಿಗದಿದ್ದರೆ, ಮನೆತನದಲ್ಲಿ ಯಾರಿಗೂ ಇಲ್ಲದವರಿಗೆ 10 ವರ್ಷ ಮತ್ತೆ ಬೇಡ.

ಎರಡನೇ ಅಭಿಪ್ರಾಯ ಅವಮಾನವಲ್ಲ

ಶಿರಸಿ ಯಾರ್ಡಿಗೆ ಅಡಿಕೆ ಒಯ್ದವರು ಒಬ್ಬ ವ್ಯಾಪಾರಿ ಹೇಳಿದ ದರಕ್ಕೇ ರಾಶಿ ಕೊಟ್ಟು ಬರುವುದಿಲ್ಲ, ಟೆಂಡರ್ ನೋಡುತ್ತಾರೆ. ಆದರೆ ಆಪರೇಷನ್ ಅಂದಾಗ ‘ಇನ್ನೊಬ್ಬರನ್ನು ಕೇಳಿದರೆ ಡಾಕ್ಟರಿಗೆ ಬೇಜಾರಾದೀತು’ ಅಂತ ಸುಮ್ಮನಿರುತ್ತಾರೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಎರಡನೇ ಅಭಿಪ್ರಾಯ ಪಡೆಯುವುದೂ ಒಂದು ಹಕ್ಕು. 2002ರ ವೈದ್ಯಕೀಯ ನಿಯಮಾವಳಿ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು.

ಇದರಿಂದ ಚಿಕಿತ್ಸೆಯೇ ಬದಲಾಗಬಹುದು. ಗುದನಾಳದ ಕ್ಯಾನ್ಸರಿನಲ್ಲಿ ಎಷ್ಟೋ ಜನರಿಗೆ ಮೊದಲು ರೇಡಿಯೇಷನ್, ಕಿಮೋ ಕೊಟ್ಟು ಆಮೇಲೆ ಆಪರೇಷನ್ ಮಾಡುತ್ತಾರೆ. ಹೊಟ್ಟೆ ಮೇಲೆ ಜೀವನಪೂರ್ತಿ ಚೀಲ ಬೇಕಾ, ಕೆಲವು ತಿಂಗಳು ಸಾಕಾ, ಬೇಡವೇ ಬೇಡವಾ ಎಂಬುದೂ ಗಡ್ಡೆ ಇರುವ ಜಾಗದ ಮೇಲೆ ನಿಂತಿದೆ. ಈ ಪ್ರಶ್ನೆಗಳನ್ನು ಇಬ್ಬರು ಡಾಕ್ಟರಿಗೂ ಕೇಳಬೇಕು.

ಕೈಯಲ್ಲಿ ಇರಬೇಕಾದದ್ದು: ಕೊಲೊನೊಸ್ಕೋಪಿ ವರದಿ, ಬಯಾಪ್ಸಿ ವರದಿ, ಅದರ ಸ್ಲೈಡ್ ಮತ್ತು ಬ್ಲಾಕ್, ಸ್ಕ್ಯಾನಿನ ಸಿಡಿ. ಬರೀ ಚೀಟಿ ಹಿಡಿದು ಹೋದರೆ ಎಲ್ಲ ಪರೀಕ್ಷೆ ಮತ್ತೆ ಮಾಡಿಸಬೇಕಾದೀತು, ಖರ್ಚು ಡಬಲ್.

ಒಂದೆರಡು ವಾರ ತಡವಾದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಕರುಳು ಕಟ್ಟಿಕೊಂಡು ಹೊಟ್ಟೆ ಉಬ್ಬಿ ವಾಂತಿಯಾಗುತ್ತಿದ್ದರೆ, ರಕ್ತ ನಿಲ್ಲದಿದ್ದರೆ ಮಾತ್ರ ಕಾಯಬಾರದು. ಎರಡನೇ ಅಭಿಪ್ರಾಯದ ಹೆಸರಲ್ಲಿ ತಿಂಗಳುಗಟ್ಟಲೆ ನಾಟಿ ಔಷಧಿ ಮಾಡುತ್ತ ಕೂರುವುದು ಬೇರೆ ಮಾತು, ಅದು ಅಪಾಯ.

ಎಲ್ಲಿಗೆ ಹೋಗುವುದು?

ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ವರ್ಷಗಳಿಂದ ಕೇಳುತ್ತಿದ್ದಾರೆ. ಸದ್ಯಕ್ಕೆ ಮೊದಲ ಹೆಜ್ಜೆ ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆ ಅಥವಾ ಸಿದ್ದಾಪುರ, ಯಲ್ಲಾಪುರದ ತಾಲ್ಲೂಕು ಆಸ್ಪತ್ರೆ. ಮುಂದಿನ ಚಿಕಿತ್ಸೆಗೆ ಇಲ್ಲಿನವರು ಹೋಗುವುದು ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಬೆಂಗಳೂರಿನ ಕಿದ್ವಾಯಿಗೆ. ಓಡಾಡಲು ಆಗದವರು ವರದಿಗಳನ್ನು ಸ್ಕ್ಯಾನ್ ಮಾಡಿ ‘ನವ್ಯ’ ಎಂಬ ಆನ್‌ಲೈನ್ ಸೇವೆಯ ಮೂಲಕ ಮುಂಬೈನ ಟಾಟಾ ಮೆಮೋರಿಯಲ್ ತಜ್ಞರ ಅಭಿಪ್ರಾಯ ಪಡೆಯಬಹುದು.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಗರಿಷ್ಠ 1.5 ಲಕ್ಷ ರೂ. ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ರೇಷನ್ ಕಾರ್ಡ್, ಆಧಾರ್ ಜೊತೆ ಈ ಪತ್ರ ಮಾಡಿಸಿಕೊಂಡೇ ಬಸ್ ಹತ್ತಿದರೆ ಅಲ್ಲಿಂದ ವಾಪಸ್ ಬರುವ ತಾಪತ್ರಯ ತಪ್ಪುತ್ತದೆ.