ಕಪ್ಪೋ, ಹಸುರೋ?

1990ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅತಿವಾಹಕತೆಯನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನವೊಂದು ಜರುಗಿತು. ಅದರ ಪ್ರಬಂಧ ಸಂಪುಟದ ಸಂಪಾದಕರಲ್ಲೊಬ್ಬರ ಹೆಸರಿನ ಮೊದಲ ಅಕ್ಷರದಲ್ಲಿ ಕೈವಾರದ ನೆರೆಯ ಊರೊಂದು ಅಡಗಿದೆ. ಅವರೇ ಚಿಂತಾಮಣಿ ನಾಗೇಶ ರಾಮಚಂದ್ರ ರಾವ್. ಲೋಕದ ಬಾಯಲ್ಲಿ ಸಿ. ಎನ್. ಆರ್. ರಾವ್. ರಾಯರು ಹುಟ್ಟಿದ್ದು 1934ರಲ್ಲಿ, ಬೆಂಗಳೂರಿನಲ್ಲಿ. ಮನೆತನದ ಊರಿನ ಹೆಸರು ಮಾತ್ರ ಅವರೊಡನೆ ಕಾಶಿಗೆ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯಕ್ಕೆ, ಕಾನ್ಪುರಕ್ಕೆ ಪಯಣಿಸಿತು. ಬೇಡಿದ್ದನ್ನು ಕೊಡುವ ರತ್ನಕ್ಕೆ ಪುರಾಣಗಳು ಇಟ್ಟ ಹೆಸರೂ ಅದೇ. ಹೊಸ ಹೊಸ ಘನವಸ್ತುಗಳನ್ನು ರೂಪಿಸುವ ರಸಾಯನಜ್ಞನಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕೀತೇ!

ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಒಂದು ಪಾಲು ದಾರಿಯುದ್ದಕ್ಕೂ ಶಾಖವಾಗಿ ಸೋರಿಹೋಗುತ್ತದೆ. ಕೆಲವು ವಸ್ತುಗಳನ್ನು ವಿಪರೀತ ತಣಿಸಿದರೆ ಈ ಸೋರಿಕೆ ಸಂಪೂರ್ಣವಾಗಿ ನಿಂತುಬಿಡುತ್ತದೆ. ಇದೇ ಅತಿವಾಹಕತೆ. 1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಆನ್ನೆಸ್ ಪಾದರಸದಲ್ಲಿ ಇದನ್ನು ಕಂಡಾಗ ಅವರಿಗೆ ಬೇಕಾದದ್ದು ಸೊನ್ನೆಗಿಂತ 269 ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ಶೈತ್ಯ. ಅದಕ್ಕೆ ದ್ರವ ಹೀಲಿಯಂ ಬೇಕು. ಅದೋ ಬಲು ದುಬಾರಿ. ಹೀಗೆಯೇ ಮುಕ್ಕಾಲು ಶತಮಾನ ಕಳೆಯಿತು. 1986ರಲ್ಲಿ ಜ್ಯೂರಿಚ್ಚಿನ ಬೆಡ್ನೋರ್ಜ್ ಮತ್ತು ಮುಲ್ಲರ್ ಲೋಹವನ್ನು ಬಿಟ್ಟು ಪಿಂಗಾಣಿಯ ಜಾತಿಯ ವಸ್ತುವನ್ನು ಹಿಡಿದರು. ಲ್ಯಾಂಥನಂ, ಬೇರಿಯಂ, ತಾಮ್ರಗಳು ಆಮ್ಲಜನಕದೊಡನೆ ಕೂಡಿದ ಆ ವಸ್ತು ಹಿಂದಿನ ದಾಖಲೆಗಳನ್ನೆಲ್ಲ ಮುರಿಯಿತು. ಮರುವರ್ಷವೇ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಈ ವಂಶದ ವಸ್ತುಗಳು ಬೆಂಗಳೂರಿಗೆ ಹೊಸಬರಲ್ಲ. ಲ್ಯಾಂಥನಂ–ತಾಮ್ರದ ಆಕ್ಸೈಡನ್ನೂ ಅದರ ಬಂಧುಗಳನ್ನೂ ರಾಯರು ಸಹೋದ್ಯೋಗಿ ಗಂಗೂಲಿಯವರೊಡನೆ 1970ರ ದಶಕದಿಂದಲೇ ಅಭ್ಯಸಿಸಿದ್ದರು. 1976ರಲ್ಲಿ ಕಾನ್ಪುರದಿಂದ ಭಾರತೀಯ ವಿಜ್ಞಾನ ಮಂದಿರಕ್ಕೆ ಮರಳಿ ಘನಸ್ಥಿತಿ ರಸಾಯನ ವಿಭಾಗವನ್ನು ಕಟ್ಟಿದ್ದರು. ಯಾರೂ ಕೇಳದಿದ್ದ ಕಾಲದಲ್ಲಿ ಕಲಿತ ವಿದ್ಯೆ ಈಗ ಕೈಹಿಡಿಯಿತು.

1987ರ ಆರಂಭದಲ್ಲಿ ಅಮೆರಿಕದಿಂದ ಮತ್ತೊಂದು ಸುದ್ದಿ ಬಂದಿತು: ಲ್ಯಾಂಥನಮ್ಮಿನ ಬದಲು ಯಿಟ್ರಿಯಂ ಬೆರೆಸಿದರೆ ಸುಮಾರು ಮೈನಸ್ 180 ಡಿಗ್ರಿಯಲ್ಲೇ ಅತಿವಾಹಕತೆ! ಗಾಳಿಯಿಂದಲೇ ತೆಗೆಯುವ ಅಗ್ಗದ ದ್ರವ ನೈಟ್ರೋಜನ್ ಮೈನಸ್ 196ರವರೆಗೆ ತಣಿಸಬಲ್ಲುದು. ಹೀಲಿಯಮ್ಮಿನ ಹಂಗು ಹರಿಯಿತು. ಆದರೆ ಆ ಮಾದರಿ ಕಲಬೆರಕೆ: ಹಸುರು ಹರಳೂ ಉಂಟು, ಕಪ್ಪು ಹರಳೂ ಉಂಟು. ಪವಾಡ ಯಾವುದರದ್ದು? ಜಗತ್ತಿನ ಪ್ರಯೋಗಶಾಲೆಗಳು ಹಗಲಿರುಳೆನ್ನದೆ ಓಡಿದವು. ಕಪ್ಪಿನದು ಎಂದು ಹೇಳಿ, ಅದರಲ್ಲಿ ಯಿಟ್ರಿಯಂ ಒಂದು, ಬೇರಿಯಂ ಎರಡು, ತಾಮ್ರ ಮೂರು ಪಾಲು ಎಂದು ತೋರಿಸಿದ ರಾಯರ ತಂಡದ ಲೇಖನ ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವಾರಗಳಲ್ಲಿ ಇತರರೂ ಅಲ್ಲಿಗೇ ಬಂದು ತಲಪಿದ್ದರು. ಮೊದಲಿಗರು ಯಾರೆಂಬ ಜಗಳ ವ್ಯರ್ಥ.

ಪಾಕವೇನೋ ಸರಳವೇ. ಮೂರು ಪುಡಿಗಳನ್ನು ಕಲ್ಬತ್ತಿನಲ್ಲಿ ಅರೆದು, ಕುಲುಮೆಯಲ್ಲಿ 900 ಡಿಗ್ರಿ ಮೀರಿದ ಕಾವಿನಲ್ಲಿ ಬೇಯಿಸಿ, ಮತ್ತೆ ಅರೆದು, ಬಿಲ್ಲೆಯಾಗಿ ಒತ್ತಿ, ಆಮ್ಲಜನಕದಲ್ಲಿ ನಿಧಾನವಾಗಿ ಆರಿಸಬೇಕು. ಅವಸರಪಟ್ಟರೆ ಆಮ್ಲಜನಕ ಸಾಲದೆ ಬಿಲ್ಲೆ ಕರಿಕಲ್ಲಾಗಿಯೇ ಉಳಿದೀತು. ಹದವೇ ಸರ್ವಸ್ವವೆಂಬುದನ್ನು ಮೈಸೂರುಪಾಕು ಮಾಡಿದವರಿಗೆ ಹೇಳಬೇಕಾಗಿಲ್ಲ.

ಬೆಂಗಳೂರಿನ ಸಮ್ಮೇಳನದ ವೇಳೆಗೆ ಥ್ಯಾಲಿಯಂ ಬೆರೆತ ಆಕ್ಸೈಡುಗಳು ಮೈನಸ್ 148ರ ಸುಮಾರಿಗೆ ಏರಿದ್ದವು. ಪಿಂಗಾಣಿಯಂತೆ ಒಡೆಯುವ ಈ ವಸ್ತುವನ್ನು ತಂತಿಯಾಗಿಸುವುದು ಹೇಗೆಂಬ ಚಿಂತೆ ಎಲ್ಲೆಡೆಯೂ ಇತ್ತು. ಮುಂದೆ ಲೋಹದ ಪಟ್ಟಿಯ ಮೇಲೆ ತೆಳುವಾಗಿ ಲೇಪಿಸುವ ಉಪಾಯ ಒದಗಿತು. 2014ರಲ್ಲಿ ರಾಯರು ಭಾರತರತ್ನವನ್ನು ಸ್ವೀಕರಿಸಿದರು. ಆದರೆ ತಾಮ್ರದ ಈ ಆಕ್ಸೈಡುಗಳಲ್ಲಿ ವಿದ್ಯುತ್ತು ತಡೆಯಿಲ್ಲದೆ ಹರಿಯುವುದೇಕೆಂಬ ಪ್ರಶ್ನೆಗೆ ಪಂಡಿತರೆಲ್ಲರೂ ಒಪ್ಪುವ ಉತ್ತರ ಇನ್ನೂ ಬಂದಿಲ್ಲ.